ಆದಿಜೀವಿಯ ಕಥೆಯೂ ಕನ್ನಡದ ಮಾತೂ

ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದೆ ಎಂಬ ಚರ್ಚೆ ಮುಗಿದು ನೂರು ವರ್ಷಕ್ಕೆ ಮೇಲಾಯಿತು. ೧೯೧೮ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ವೆಂಬ ಮಾಸಪತ್ರಿಕೆಯು ಎರಡೇ ವರ್ಷ ಬದುಕಿದರೂ ಆ ಚರ್ಚೆಗೆ ಉತ್ತರವನ್ನು ಬರೆದಿಟ್ಟೇ ಮರೆಯಾಯಿತು. ಅದರ ಸಂಪಾದಕರಲ್ಲಿ ಒಬ್ಬರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದವರು; ೧೯೩೧ರಲ್ಲಿ ಪಂಪಭಾರತವನ್ನು ಸಂಪಾದಿಸಿಕೊಟ್ಟವರು; ೧೯೩೯ರಲ್ಲಿ ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ರಚಿಸಿದವರು. ಪಂಪನ ಪಾಠಾಂತರಗಳನ್ನು ತೂಗಿನೋಡಿದ ಕೈಯೇ ಜೀವಿಗಳ ಶಾಸ್ತ್ರವನ್ನೂ ಬರೆಯಿತೆಂಬುದು ಆ ಕಾಲದ ಭಾಗ್ಯ.

ಆದರೆ ಬರೆಯಬಹುದೆ ಎಂಬ ಪ್ರಶ್ನೆ ತೀರಿದ ಮೇಲೆ ಹೇಗೆ ಬರೆಯಬೇಕೆಂಬ ಪ್ರಶ್ನೆ ಉಳಿಯುವುದು. ಅದನ್ನು ಕೇಳುವವರು ಕಡಮೆ. ಕಾವ್ಯದಲ್ಲಿ ಒಂದು ಉಪಮೆ ಸೋತರೆ ಹತ್ತು ಪುಟ ಬರೆಯುವ ವಿಮರ್ಶಕನು ವಿಜ್ಞಾನದ ಪಾಠದಲ್ಲಿ ಉಪಮೆ ಸೋತಾಗ ಅದು ಶಾಸ್ತ್ರದವರ ಕೆಲಸವೆಂದು ಪುಟವನ್ನು ಮಗುಚುವನು. ಶಾಸ್ತ್ರದವರು ಅದು ಭಾಷೆಯವರ ಕೆಲಸವೆನ್ನುವರು. ಇಬ್ಬರೂ ಬಿಟ್ಟ ಹೊಲದಲ್ಲಿ ಕಳೆ ಬೆಳೆಯುವುದು ಸಹಜವೇ. ಆ ಕಳೆ ಎಷ್ಟು ದಟ್ಟವಾಗಿರುವುದೆಂಬುದು, ಭೂಮಿಯ ಮೊದಲ ಜೀವಿಗಳು ಬದುಕಲು ಬೇಕಾದ ಶಕ್ತಿಯನ್ನು ಹೇಗೆ ಸಂಪಾದಿಸಿಕೊಂಡುವೆಂಬ ಕಥೆಯನ್ನು ಕನ್ನಡದಲ್ಲಿ ಹೇಳಹೊರಟಾಗ ಚೆನ್ನಾಗಿ ಗೊತ್ತಾಗುವುದು.

ಮೊದಲು ಕಥೆಯ ಅಳತೆಯನ್ನು ನೋಡಬೇಕು. ಭೂಮಿ ಹುಟ್ಟಿ ಸುಮಾರು ೪೫೪ ಕೋಟಿ ವರ್ಷಗಳಾದುವು. ಪಶ್ಚಿಮ ಆಸ್ಟ್ರೇಲಿಯದ ಬಂಡೆಗಳಲ್ಲಿ ಕಾಣುವ ಜೀವದ ಗುರುತುಗಳು ಸುಮಾರು ೩೪೮ ಕೋಟಿ ವರ್ಷಗಳಷ್ಟು ಹಳೆಯವು. ಪ್ರಾಣಿಗಳು ಕಾಣಿಸಿಕೊಂಡದ್ದಾದರೋ ಸುಮಾರು ೬೦ ಕೋಟಿ ವರ್ಷಗಳಿಂದ ಈಚೆಗೆ. ಎಂದರೆ ಜೀವಚರಿತ್ರೆಯ ಆರು ಪಾಲಿನಲ್ಲಿ ಐದು ಪಾಲು ಪ್ರಾಣಿಗಳೇ ಇಲ್ಲದ ಕಾಲ; ಅದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಒಂಟಿಕೋಶದ ಜೀವಿಗಳ ರಾಜ್ಯಭಾರ. ಈ ಐದು ಪಾಲಿಗೆ ಸಾಮಾನ್ಯ ಪಾಠಪುಸ್ತಕದಲ್ಲಿ ದೊರೆಯುವುದು ಕೆಲವೇ ವಾಕ್ಯಗಳು. ಸಮುದ್ರದಲ್ಲಿ ಮೊದಲು ಸರಳವಾದ ಜೀವಿ ಹುಟ್ಟಿತು, ಆಮೇಲೆ ಮೀನು ಬಂದಿತು. ಬಾಲಕಾಂಡದಿಂದ ಸುಂದರಕಾಂಡದವರೆಗಿನ ಐದು ಕಾಂಡಗಳನ್ನು ಒಂದು ಉಸಿರಿನಲ್ಲಿ ಮುಗಿಸಿ, ಯುದ್ಧಕಾಂಡವೊಂದನ್ನೇ ರಾಮಾಯಣವೆಂದು ಓದಿಸಿದರೆ ಯಾವ ಮನೆಯವರು ಒಪ್ಪುವರು?

ಆ ಕೆಲವು ವಾಕ್ಯಗಳೂ ಮೆಟ್ಟಿಲಿನ ಭಾಷೆಯಲ್ಲಿರುವುವು. ಅಮೀಬ ಕೆಳಗಿನ ಮೆಟ್ಟಿಲು, ಮೀನು ನಡುವಣದು, ಮನುಷ್ಯನು ತುದಿಯವನು. ‘ಕೀಳು ಜೀವಿ’, ‘ಮೇಲು ಜೀವಿ’ ಎಂಬ ಮಾತುಗಳು ಯಾವ ಸಂಕೋಚವೂ ಇಲ್ಲದೆ ಬರುವುವು. ಇದಕ್ಕೆ ಇಂಗ್ಲಿಷಿನ ಹಳೆಯ ಪುಸ್ತಕಗಳೇ ಕಾರಣವೆಂದು ತಪ್ಪನ್ನು ಹೊರಗೆ ಸಾಗಿಸಬಹುದು. ಆದರೆ ಕೀಳು ಮೇಲು ಎಂಬ ಮಾತಿಗೆ ಈ ನೆಲದಲ್ಲಿ ಎಷ್ಟು ಭಾರವಿದೆಯೆಂಬುದನ್ನು ಬಲ್ಲವರು ಅದನ್ನು ಶಾಸ್ತ್ರದ ಮಾತಾಗಿ ಮಕ್ಕಳ ಕೈಗೆ ಕೊಡುವ ಮುನ್ನ ಒಂದು ಕ್ಷಣ ಯೋಚಿಸಬೇಕಾಗಿತ್ತು. ‘ವಿಕಾಸ’ವೆಂಬ ಮಾತೂ ಈ ಭ್ರಮೆಗೆ ನೀರೆರೆಯುವುದು. ವಿಕಾಸವೆಂದರೆ ಅರಳುವುದು. ಮೊಗ್ಗು ಅರಳುವಾಗ ಹೂವು ಮೊದಲೇ ಅದರೊಳಗೆ ಮಡಿಸಿದಂತಿರುವುದು. ಹೊಸದಾಗಿ ಆಗುವುದೇನೂ ಇಲ್ಲ, ಇದ್ದುದು ಹೊರಗೆ ಬರುವುದಷ್ಟೆ. ಇಂಗ್ಲಿಷಿನ ಮಾತಿಗೂ ಸುರುಳಿ ಬಿಚ್ಚುವುದೆಂಬುದೇ ಮೂಲಾರ್ಥ. ಡಾರ್ವಿನ್ನನು ೧೮೫೯ರ ಮೊದಲ ಮುದ್ರಣದಲ್ಲಿ ಆ ನಾಮಪದವನ್ನು ಬಳಸಲೇ ಇಲ್ಲ. ಅದರ ಕ್ರಿಯಾರೂಪವೊಂದನ್ನು ಮಾತ್ರ ಗ್ರಂಥದ ಕಟ್ಟಕಡೆಯ ಮಾತಾಗಿ ಇಟ್ಟನು. ‘ವಿಕಾಸ’ವು ಕನ್ನಡದಲ್ಲಿ ಈಗ ಬೇರೂರಿರುವುದರಿಂದ ಅದನ್ನು ಕೀಳುವ ಮಾತು ಬೇಡ. ಅದನ್ನು ಬಳಸುವವರು ಜೊತೆಗೆ ಒಂದು ವಾಕ್ಯದ ಎಚ್ಚರಿಕೆಯನ್ನು ಸೇರಿಸಿದರೆ ಸಾಕು.

ಮೆಟ್ಟಿಲಿನ ಉಪಮೆ ಎಲ್ಲಿ ಮುರಿದುಬೀಳುವುದೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಈಚೆಗೆ ತಾಲ್ಲೂಕಿನ ಕೇಂದ್ರವೆನಿಸಿದ ಮಂಚೇನಹಳ್ಳಿಯ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಯಾವ ಮನೆಯಾದರೂ ಆದೀತು. ಹಿಪ್ಪುನೇರಳೆಯ ಸೊಪ್ಪನ್ನು ಹೊತ್ತು ಹೊತ್ತಿಗೆ ತಂದು ಹಾಕಿ, ನಾಲ್ಕು ಜ್ವರಗಳನ್ನು ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡನ್ನು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವವರೆಗೆ ಆ ಮನೆಯವರಿಗೆ ನಿದ್ರೆಯಿಲ್ಲ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಎಂಬ ನಾಲ್ಕು ಹೆಸರುಗಳು ಅಲ್ಲಿ ಎಲ್ಲರ ಬಾಯಲ್ಲಿಯೂ ಇರುವುವು. ಇವುಗಳಲ್ಲಿ ಗಂಟುರೋಗವು ತಾಯಿಯಿಂದ ಮೊಟ್ಟೆಗೆ ಇಳಿದು ಬರತಕ್ಕದ್ದು; ಹುಳು ಮೊಟ್ಟೆಯೊಡೆಯುವ ಮೊದಲೇ ಬೆಳೆಯ ಗತಿ ತೀರ್ಮಾನವಾಗಿರುವುದು. ಹುಳುಗಳು ಒಂದೇ ಸಮ ಬೆಳೆಯವು. ಕೆಲವು ಜ್ವರಕ್ಕೆ ಕೂತರೆ ಕೆಲವು ಹಿಂದೆ ಬೀಳುವುವು. ಮೈಮೇಲೆ ಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆಗಳು ಏಳುವುವು. ದಕ್ಷಿಣ ಫ್ರಾನ್ಸಿನ ಸಾಕಣೆಗಾರರ ಆಡುಮಾತಿನಲ್ಲಿಯೂ ಈ ರೋಗಕ್ಕೆ ಮೆಣಸಿನ ಹೆಸರೇ ಬಂದುದು.

ಈ ರೋಗದ ಕರ್ತೃ ಒಂಟಿಕೋಶದ ಒಂದು ಪರೋಪಜೀವಿ. ೧೮೫೭ರಲ್ಲಿ ನೇಗೆಲಿಯೆಂಬ ವಿದ್ವಾಂಸನು ಅದಕ್ಕೆ ನೊಸೀಮ ಬಾಂಬಿಸಿಸ್ ಎಂದು ಹೆಸರಿಟ್ಟನು. ಪಾಸ್ಚರನು ೧೮೬೫ರಲ್ಲಿ ಆಲೆಸ್ ಪಟ್ಟಣಕ್ಕೆ ಹೋಗಿ ಕೆಲವು ವರ್ಷ ದುಡಿದು ಅದನ್ನು ತಡೆಯುವ ಮಾರ್ಗವನ್ನು ಕಂಡುಹಿಡಿದನು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಆ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ನಾಶಮಾಡತಕ್ಕದ್ದು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವ ತಾಯಿಚಿಟ್ಟೆಯ ಪರೀಕ್ಷೆಗೆ ಇದೇ ಮೂಲ. ಗಾಳಿಯಿಲ್ಲದೆಯೂ ಜೀವವು ಬದುಕಬಲ್ಲುದು, ಕೆಲವಕ್ಕೆ ಗಾಳಿಯೇ ಮೃತ್ಯುವೆಂದು ೧೮೬೧ರಲ್ಲಿ ತೋರಿಸಿದವನೂ ಈ ಪಾಸ್ಚರನೇ.

ಈ ಪರೋಪಜೀವಿಯ ಕೋಶದಲ್ಲಿ, ಪ್ರಾಣಿ ಸಸ್ಯಗಳ ಕೋಶಗಳಿಗೆಲ್ಲ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯವೆಂಬ ಅಂಗ ಕಾಣುವುದಿಲ್ಲ. ಮೆಟ್ಟಿಲಿನಲ್ಲಿ ನಂಬಿಕೆಯುಳ್ಳವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಅಂಗವಿಲ್ಲವಾದ್ದರಿಂದ ಸರಳ, ಸರಳವಾದ್ದರಿಂದ ಪ್ರಾಚೀನ, ಆದುದರಿಂದ ಇದು ಮೈಟೊಕಾಂಡ್ರಿಯ ಹುಟ್ಟುವುದಕ್ಕೆ ಮುಂಚಿನ ಮೆಟ್ಟಿಲಿನಲ್ಲಿ ನಿಂತುಹೋದ ಜೀವಿ. ೧೯೮೩ರಲ್ಲಿ ಕ್ಯಾವಲಿಯರ್ ಸ್ಮಿತ್ ಎಂಬ ವಿದ್ವಾಂಸನು ಈ ಜಾತಿಯ ಜೀವಿಗಳನ್ನು ಇಂತಹ ಆದಿವಂಶಕ್ಕೆ ಸೇರಿಸಿದಾಗ ಬಹುಮಂದಿ ತಲೆದೂಗಿದರು. ಆಮೇಲೆ ವಂಶವಾಹಿಗಳನ್ನು ಓದುವ ಕಾಲ ಬಂದಿತು. ಇವು ಆದಿಜೀವಿಗಳಲ್ಲ, ಅಣಬೆ ಬೂಸ್ಟುಗಳ ಹತ್ತಿರದ ದಾಯಾದಿಗಳೆಂದು ತಿಳಿಯಿತು. ೨೦೦೨ರಲ್ಲಿ ಈ ಗುಂಪಿನ ಒಂದು ಜೀವಿಯಲ್ಲಿ ಮೈಟೊಕಾಂಡ್ರಿಯದ ಕುಗ್ಗಿದ ಅವಶೇಷವೂ ಸಿಕ್ಕಿತು. ಅಂಗವು ಇರಲಿಲ್ಲವೆಂಬುದು ಸುಳ್ಳು. ಇದ್ದುದನ್ನು ಕಳೆದುಕೊಂಡಿತೆಂಬುದು ನಿಜ. ಇನ್ನೊಬ್ಬರ ಮನೆಯ ಅಡುಗೆಯನ್ನೇ ಉಣ್ಣುವವನಿಗೆ ತನ್ನ ಒಲೆ ಏತಕ್ಕೆ? ಆತಿಥೇಯ ಕೋಶವು ತನಗಾಗಿ ಸಿದ್ಧಪಡಿಸಿದ ಶಕ್ತಿಯ ನಾಣ್ಯವನ್ನೇ ಇವು ನೇರವಾಗಿ ಒಳಕ್ಕೆ ಎಳೆದುಕೊಳ್ಳುವುವು. ಈ ಗುಂಪಿನ ಒಂದು ಜೀವಿಯ ಸಮಸ್ತ ವಂಶವಾಹಿಗಳನ್ನೂ ೨೦೦೧ರಲ್ಲಿ ಓದಿದಾಗ ಅವುಗಳ ಸಂಖ್ಯೆ ಎರಡು ಸಾವಿರದಷ್ಟೇ ಇದ್ದಿತು. ಸರಳತೆಯು ಇಲ್ಲಿ ಆರಂಭದ ಗುರುತಲ್ಲ, ಬಹುಕಾಲದ ಚರಿತ್ರೆಯ ಫಲ. ಮೆಟ್ಟಿಲು ಎಂಬ ಮಾತಿನಿಂದ ಈ ಕಥೆಯನ್ನು ಹೇಳಲು ಬರುವುದಿಲ್ಲ. ‘ಗಂಟು’ ಎಂಬ ರೈತನ ಮಾತು ಯಾವ ಏಣಿಯನ್ನೂ ಹತ್ತದೆ ತನ್ನ ಕೆಲಸವನ್ನು ಮಾಡುವುದು.

ಎರಡನೆಯ ತೊಡಕು ‘ಪ್ರಾಣವಾಯು’ವಿನದು. ಈ ಅನಿಲಕ್ಕೆ ಕನ್ನಡದಲ್ಲಿ ಎರಡು ಹೆಸರುಗಳು ರೂಢಿಯಲ್ಲಿರುವುವು. ವಿಚಿತ್ರವೇನೆಂದರೆ ಎರಡೂ ತಪ್ಪು. ‘ಆಮ್ಲಜನಕ’ವೆಂಬುದು ಲವಾಸಿಯೇ ಇಟ್ಟ ಹೆಸರಿನ ನೇರವಾದ ಅನುವಾದ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಜನಕನೆಂದು ಅವನು ನಂಬಿದ್ದನು. ಉಪ್ಪಿನಿಂದ ತೆಗೆದ ಆಮ್ಲದಲ್ಲಿ ಇದರ ಲೇಶವೂ ಇಲ್ಲವೆಂದು ೧೮೧೦ರ ಹೊತ್ತಿಗೆ ಡೇವಿಯು ತೋರಿಸಿದನು. ನಂಬಿಕೆ ಬಿದ್ದುಹೋಯಿತು, ಹೆಸರು ನಿಂತಿತು. ‘ಪ್ರಾಣವಾಯು’ವಾದರೋ ಪಂಚಪ್ರಾಣಗಳ ಹಳೆಯ ಪಂಕ್ತಿಯಿಂದ ಎರವಲು ತಂದ ಹೆಸರು. ಆಸ್ಪತ್ರೆಯ ಮಂಚದ ಬಳಿ ಅದು ಸಾರ್ಥಕವೆನಿಸಬಹುದು. ಜೀವಚರಿತ್ರೆಯಲ್ಲಿ ಅದರಷ್ಟು ದಾರಿ ತಪ್ಪಿಸುವ ಹೆಸರು ಮತ್ತೊಂದಿಲ್ಲ. ಆದಿಕಾಲದ ವಾಯುಮಂಡಲದಲ್ಲಿ ಈ ಅನಿಲವು ಇಲ್ಲವೆಂಬಷ್ಟು ಕಡಮೆಯಾಗಿದ್ದಿತು. ಮೊದಲ ಜೀವಿಗಳು ಅದಿಲ್ಲದೆಯೇ ಬದುಕಿದುವು. ಅದು ಬಂದಾಗ ಅವುಗಳಿಗೆ ವಿಷವಾಯಿತು. ಅದನ್ನು ಹೊರಬಿಟ್ಟುವು ನೀಲಹಸುರು ಬ್ಯಾಕ್ಟೀರಿಯಗಳು. ಸೂರ್ಯನ ಬೆಳಕಿನಿಂದ ನೀರನ್ನು ಒಡೆಯುವ ವಿದ್ಯೆಯನ್ನು ಅವು ಸಾಧಿಸಿದಾಗ ಈ ಅನಿಲವು ಕಸವಾಗಿ ಹೊರಬಿದ್ದಿತು. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಅದು ಗಾಳಿಯಲ್ಲಿ ನಿಲ್ಲತೊಡಗಿತು. ಒಬ್ಬರ ಮನೆಯ ಕಸವು ಇನ್ನೊಬ್ಬರ ಪ್ರಾಣವಾದ ಈ ಮಹಾಪ್ರಸಂಗವನ್ನು, ಕಸಕ್ಕೆ ಮೊದಲೇ ಪ್ರಾಣವೆಂದು ಹೆಸರಿಟ್ಟ ಭಾಷೆಯಲ್ಲಿ ಹೇಗೆ ಹೇಳಬೇಕು? ಕೇಳುವ ಹುಡುಗನು ‘ಪ್ರಾಣವಾಯುವಿಲ್ಲದಾಗ ಪ್ರಾಣಿಗಳು ಹೇಗೆ ಬದುಕಿದುವು’ ಎಂದು ಕೇಳಿದರೆ ತಪ್ಪು ಅವನದಲ್ಲ. ಇಂತಹ ಕಡೆ ‘ಆಕ್ಸಿಜನ್’ ಎಂದು ಕನ್ನಡದ ಲಿಪಿಯಲ್ಲಿ ಬರೆದುಬಿಡುವುದೇ ಮೇಲು. ಇದಕ್ಕೆ ಪ್ರತಿಯಾಗಿ ‘ಜಲಜನಕ’ವು ಅಚ್ಚುಕಟ್ಟಾದ ಹೆಸರು. ಅದು ನೀರನ್ನು ಹುಟ್ಟಿಸುವುದೂ ನಿಜ. ಆದಿಜೀವಿಯ ಮೊದಲ ಆಹಾರ ಅದೇ ಆಗಿದ್ದಿರಬೇಕೆಂದು ಈಗ ಅನೇಕರು ಊಹಿಸುತ್ತಿರುವುದೂ ನಿಜ. ಆ ಮಾತು ಮುಂದೆ ಬರುವುದು.

ಈ ಪ್ರಸಂಗದ ಸಾಕ್ಷಿಗಳು ಕನ್ನಡ ನಾಡಿನ ಕಲ್ಲಿನಲ್ಲಿಯೇ ಇರುವುದರಿಂದ ಉದಾಹರಣೆಗೆ ಪರದೇಶವನ್ನೇ ನೆಚ್ಚಬೇಕಾಗಿಲ್ಲ. ಉತ್ತರ ಪಿನಾಕಿನಿ ಹುಟ್ಟುವ ನಂದಿಬೆಟ್ಟದ ಸಾಲಿನಲ್ಲಿ ಹುಡುಕಿ ಫಲವಿಲ್ಲ. ಅದು ಕರಗಿ ಗಟ್ಟಿಯಾದ ಕಲ್ಲು, ಅದರಲ್ಲಿ ಜೀವದ ಅಚ್ಚು ಉಳಿಯಲಾರದು. ಪಶ್ಚಿಮಕ್ಕೆ ಹೋಗಬೇಕು. ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿಯೂ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿಯೂ ಸ್ಟ್ರೊಮ್ಯಾಟೊಲೈಟುಗಳೆಂಬ ಪದರುಗಲ್ಲುಗಳು ದೊರೆತಿರುವುವು. ಸೂಕ್ಷ್ಮಜೀವಿಗಳ ಲೋಳೆಯ ಹಾಸು, ಅದರ ಮೇಲೆ ಸುಣ್ಣದ ಪದರು, ಮತ್ತೆ ಹಾಸು, ಮತ್ತೆ ಪದರು ಎಂದು ಕಟ್ಟಿದ ಕಟ್ಟಡಗಳಿವು. ಕಾಲವು ೨೫೦ ಕೋಟಿ ವರ್ಷಗಳಿಗಿಂತ ಹಿಂದಿನದು. ಸಂಡೂರಿನ ದೋಣಿಮಲೆಯ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳ ಅವಶೇಷಗಳನ್ನೇ ಕಂಡುದಾಗಿ ೧೯೯೦ರಲ್ಲಿ ವರದಿಯಾಯಿತು. ಅದೇ ಸಂಡೂರಿನಲ್ಲಿಯೂ ಬಾಬಾಬುಡನ್ ಬೆಟ್ಟಗಳಲ್ಲಿಯೂ ಕುದುರೆಮುಖದಲ್ಲಿಯೂ ಇರುವ ಕೆಂಪು ಕಪ್ಪು ಪಟ್ಟೆಗಳ ಕಬ್ಬಿಣದ ಅದಿರು, ಸಮುದ್ರದಲ್ಲಿ ಕರಗಿದ್ದ ಕಬ್ಬಿಣವು ತುಕ್ಕಾಗಿ ತಳಕ್ಕಿಳಿದು ಆದುದು. ಆ ತುಕ್ಕಿನ ಹಿಂದೆ ಸೂಕ್ಷ್ಮಜೀವಿಗಳ ಕೈಯಿದ್ದಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದಿರಿನ ವ್ಯಾಪಾರದ ಸುದ್ದಿಯನ್ನು ಇಷ್ಟು ಓದಿದ ಕನ್ನಡಿಗರಿಗೆ ಅದಿರಿನ ಈ ಚರಿತ್ರೆಯನ್ನು ಅಷ್ಟೇ ಸೊಗಸಾಗಿ ಯಾರಾದರೂ ಹೇಳಬಾರದೆ?

ಮೂರನೆಯದು ಅಡುಗೆಮನೆಯ ಉಪಮೆ. ೧೯೨೪ರಲ್ಲಿ ರಷ್ಯದ ಓಪಾರಿನ್ನನೂ, ೧೯೨೯ರಲ್ಲಿ ಇಂಗ್ಲೆಂಡಿನ ಹಾಲ್ಡೇನನೂ, ಆದಿಸಮುದ್ರವು ಆಹಾರದ್ರವ್ಯಗಳು ತುಂಬಿದ ತೆಳುವಾದ ಸೂಪಿನಂತಿದ್ದು ಅದರಲ್ಲಿ ಜೀವ ಹುಟ್ಟಿತೆಂಬ ಮತವನ್ನು ಮಂಡಿಸಿದರು. ಹಾಲ್ಡೇನನು ೧೯೫೭ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು. ೧೯೫೩ರಲ್ಲಿ ಮಿಲ್ಲರನು ಗಾಜಿನ ಬುರುಡೆಯಲ್ಲಿ ಮಿಂಚನ್ನು ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದಾಗ ಆ ಮತಕ್ಕೆ ಹೊಸ ಬಲ ಬಂದಿತು. ಈ ಸೂಪನ್ನು ‘ಸಾರು’ ಎಂದು ಕನ್ನಡಿಸುವುದು ಸುಲಭ, ಕೇಳುವವರಿಗೂ ಹಿತ. ತೊಂದರೆಯೇನೆಂದರೆ ಸಾರು ಎಂದೊಡನೆ ಒಲೆಯೂ ಕುದಿಸುವವರೂ ಮನಸ್ಸಿಗೆ ಬರುವರು. ಕುದಿಸುವವರಿಲ್ಲದ ಸಾರು ತಣ್ಣಗಾಗಿ ನಿಲ್ಲುವುದು. ಹಳಸಬೇಕಾದರೂ ಅದಕ್ಕೆ ಮೊದಲೇ ಹುಟ್ಟಿದ ಜೀವಿಯೊಂದು ಬಂದು ಬೀಳಬೇಕು. ಶಾಸ್ತ್ರಜ್ಞರು ಈ ಮತಕ್ಕೆ ಎತ್ತಿದ ಮುಖ್ಯವಾದ ಆಕ್ಷೇಪವೂ ಇದೇ: ದ್ರವ್ಯವಿದ್ದರೆ ಸಾಲದು, ಶಕ್ತಿಯು ಎಡೆಬಿಡದೆ ಹರಿಯುತ್ತಿರಬೇಕು. ಉಪಮೆಯ ಸೋಲೂ ಮತದ ಸೋಲೂ ಒಂದೇ ಕಡೆಯಲ್ಲಿ ಕಾಣುವುದು ವಿರಳ, ಇಲ್ಲಿ ಹಾಗಾಗಿರುವುದು.

ಸಾರಿಗೆ ಒಡಹುಟ್ಟಿದ ಉಪಮೆ ಬೆಂಕಿಯದು. ಆಹಾರವು ಮೈಯಲ್ಲಿ ‘ಉರಿದು’ ಶಕ್ತಿಯಾಗುವುದೆಂದು ಪುಸ್ತಕಗಳು ಹೇಳುವುವು. ಜಠರಾಗ್ನಿಯೆಂಬ ಹಳೆಯ ಮಾತಿನ ಆಸರೆ ಅದಕ್ಕಿದೆ. ಲವಾಸಿಯೇಯೂ ಉಸಿರಾಟವನ್ನು ನಿಧಾನವಾದ ದಹನವೆಂದೇ ಬಗೆದಿದ್ದನು. ಆದರೆ ಬೆಂಕಿಗೆ ಆಕ್ಸಿಜನ್ ಬೇಕು. ಆಕ್ಸಿಜನ್ನೇ ಇಲ್ಲದ ನೂರು ಕೋಟಿ ವರ್ಷಗಳ ಬದುಕನ್ನು ಬೆಂಕಿಯ ಉಪಮೆ ಬೆಳಗಿಸಲಾರದು. ಅದಲ್ಲದೆ ಉರಿಯ ಶಾಖವು ಕೋಶದ ಕೆಲಸಕ್ಕೆ ಬರುವುದೂ ಇಲ್ಲ.

ಜೀವಕೋಶವು ಶಕ್ತಿಯನ್ನು ಸಂಪಾದಿಸುವ ಬಗೆಯನ್ನು ೧೯೬೧ರಲ್ಲಿ ಪೀಟರ್ ಮಿಚೆಲ್ ಎಂಬ ಇಂಗ್ಲಿಷ್ ವಿದ್ವಾಂಸನು ಊಹಿಸಿದನು; ಬಹುಕಾಲದ ಜಗಳದ ತರುವಾಯ ೧೯೭೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಅವನು ಹೇಳಿದುದನ್ನು ವಿವರಿಸಲು ಕೋಲಾರ ಚಿಕ್ಕಬಳ್ಳಾಪುರಗಳ ರೈತನಿಗಿಂತ ಅನುಕೂಲವಾದ ಶ್ರೋತೃ ಸಿಕ್ಕಲಾರನು. ಏಕೆಂದರೆ ಅದು ಕೆರೆಯ ವಿದ್ಯೆ. ಒಂದು ತೆಳುವಾದ ಪೊರೆಯು ಏರಿಯಂತೆ ನಿಂತಿರುವುದು. ಅದರ ದಪ್ಪ ಒಂದು ಮಿಲಿ ಮೀಟರಿನ ಹತ್ತು ಲಕ್ಷದಲ್ಲಿ ಐದಾರು ಭಾಗ ಮಾತ್ರ. ಅದರ ಒಂದು ಬದಿಯಲ್ಲಿ ಪ್ರೋಟಾನುಗಳು, ಎಂದರೆ ಜಲಜನಕದ ಬೀಜಕಣಗಳು, ನೀರು ನಿಂತಂತೆ ಒತ್ತಿ ನಿಲ್ಲುವುವು. ಏರಿಯಲ್ಲಿ ತೂಬುಗಳಿರುವುವು. ಪ್ರೋಟಾನುಗಳು ತೂಬಿನಲ್ಲಿ ಇಳಿಯುವಾಗ ಅಲ್ಲಿರುವ ಚಕ್ರವು ತಿರುಗುವುದು. ಅದು ನಿಜವಾಗಿ ತಿರುಗುವುದನ್ನು ೧೯೯೭ರಲ್ಲಿ ಜಪಾನಿನವರು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಚಕ್ರವು ತಿರುಗಿದಂತೆ ಎಟಿಪಿಯೆಂಬ ಶಕ್ತಿಯ ನಾಣ್ಯವು ಅಚ್ಚಾಗಿ ಬೀಳುವುದು. ಮನುಷ್ಯನ ಮೈಯಲ್ಲಿ ಪ್ರತಿದಿನವೂ ಹೀಗೆ ಅಚ್ಚಾಗಿ ವೆಚ್ಚವಾಗುವ ನಾಣ್ಯದ ಮೊತ್ತವು ಅವನ ಮೈತೂಕಕ್ಕೆ ಸಮೀಪವಾಗುವುದು.

ಕೆರೆ ತುಂಬುವುದು ಹೇಗೆ? ಇಲ್ಲಿ ಕಪಿಲೆಯನ್ನು ನೆನೆಯಬೇಕು. ಪಂಪುಸೆಟ್ಟು ಬರುವ ಮೊದಲು ಈ ಸೀಮೆಯ ಬಾವಿಗಳ ಮೇಲೆ ಎತ್ತುಗಳು ಇಳಿಜಾರಿನಲ್ಲಿ ನಡೆದು ನೀರನ್ನು ಮೇಲಕ್ಕೆ ಎಳೆಯುತ್ತಿದ್ದುವು. ಕೋಶದಲ್ಲಿ ಆ ಇಳಿಜಾರಿನಲ್ಲಿ ನಡೆಯುವುವು ಎಲೆಕ್ಟ್ರಾನುಗಳು; ಅವು ಕೆಳಕ್ಕೆ ಇಳಿದಂತೆ ಪ್ರೋಟಾನುಗಳು ಪೊರೆಯಾಚೆಗೆ ಏರುವುವು. ಎಲೆಕ್ಟ್ರಾನುಗಳನ್ನು ಕೊಡುವವರು ಯಾರು, ಕೊನೆಗೆ ಕೊಳ್ಳುವವರು ಯಾರು ಎಂಬುದರಲ್ಲಿ ಮಾತ್ರ ಜೀವಿಯಿಂದ ಜೀವಿಗೆ ಭೇದ. ಒಂದಕ್ಕೆ ಜಲಜನಕವು ಕೊಡುವುದು, ಒಂದಕ್ಕೆ ಗಂಧಕದ ಸಂಯುಕ್ತ, ಒಂದಕ್ಕೆ ಕಬ್ಬಿಣ, ನೀಲಹಸುರು ಬ್ಯಾಕ್ಟೀರಿಯಕ್ಕೆ ನೀರು, ಮನುಷ್ಯನಿಗೆ ಅನ್ನ. ಎತ್ತುಗಳು ಬೇರೆ ಬೇರೆ, ಕಪಿಲೆಯೂ ತೂಬೂ ಬಹುಮಟ್ಟಿಗೆ ಒಂದೇ. ಚಯಾಪಚಯದ ಚರಿತ್ರೆಯೆಂದರೆ ಹೆಚ್ಚಾಗಿ ಎತ್ತುಗಳನ್ನು ಬದಲಾಯಿಸಿದ ಚರಿತ್ರೆ.

ಮೊಟ್ಟಮೊದಲ ಕೆರೆಯು ಯಾರೂ ಎತ್ತದೆ ತಾನಾಗಿ ತುಂಬಿದ್ದುದಾಗಿರಬಹುದು. ೨೦೦೦ದ ಕೊನೆಯಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಬಿಳಿಯ ಗೋಪುರಗಳಂತಹ ಚಿಲುಮೆಗಳು ಕಂಡುಬಂದುವು. ಕಬ್ಬಿಣ ಮೆಗ್ನೀಸಿಯಗಳು ಹೆಚ್ಚಾಗಿರುವ ಕಲ್ಲಿಗೆ ನೀರು ತಗಲಿ ಜಲಜನಕವು ಹುಟ್ಟುವ ತಾಣಗಳವು. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಕ್ರೋಮೈಟ್ ಪಟ್ಟಿಯ ಹಸುರುಗಪ್ಪು ಕಲ್ಲು ಅಂತಹ ಜಾತಿಯದೇ ಆಗಿ ಪುರಾತನ ಕಾಲದಲ್ಲಿ ನೀರಿನಿಂದ ಮಾರ್ಪಟ್ಟಿದ್ದು. ಆದಿಕಾಲದ ಇಂತಹ ಚಿಲುಮೆಗಳಲ್ಲಿ ಒಳಗಿನ ನೀರು ಕ್ಷಾರ, ಹೊರಗಿನ ಸಮುದ್ರ ತುಸು ಆಮ್ಲ. ನಡುವೆ ತೆಳುವಾದ ಖನಿಜದ ಗೋಡೆ. ಪ್ರೋಟಾನುಗಳ ಏರುಪೇರು ಅಲ್ಲಿ ಪುಕ್ಕಟೆಯಾಗಿ ಒದಗಿದ್ದಿತು, ಮಳೆಯಿಂದ ತುಂಬಿದ ಕೆರೆಯಂತೆ. ಕಪಿಲೆಯನ್ನು ಹೂಡಲು ಕಲಿತ ಮೇಲೆ ಜೀವವು ಆ ತಾಣವನ್ನು ಬಿಟ್ಟು ಹೊರಟಿತೆಂಬುದು ರಸ್ಸೆಲ್, ಮಾರ್ಟಿನ್ ಮೊದಲಾದವರ ಮತ. ೨೦೧೬ರಲ್ಲಿ ಮಾರ್ಟಿನ್ನನ ಸಂಗಡಿಗರು ಇಂದಿನ ಜೀವಿಗಳ ವಂಶವಾಹಿಗಳನ್ನು ಹೋಲಿಸಿ, ಎಲ್ಲಕ್ಕೂ ಮೂಲವಾದ ಜೀವಿಯಲ್ಲಿ ಇದ್ದಿರಬಹುದಾದ ೩೫೫ ಪ್ರೋಟೀನು ಕುಟುಂಬಗಳನ್ನು ಎಣಿಸಿದರು. ಅದು ಆಕ್ಸಿಜನ್ ಇಲ್ಲದೆ, ಜಲಜನಕವನ್ನುಂಡು ಬದುಕಿದ್ದಂತೆ ತೋರಿತು. ಈ ಮತಕ್ಕೆ ವಿರೋಧಿಗಳಿದ್ದಾರೆ. ನೆಲದ ಮೇಲಣ ಬಿಸಿಹೊಂಡಗಳಲ್ಲಿ ಜೀವ ಹುಟ್ಟಿತೆನ್ನುವವರ ವಾದವೂ ಬಲವಾಗಿಯೇ ಇರುವುದು. ಕನ್ನಡದಲ್ಲಿ ಬರೆಯುವವರು ಒಂದನ್ನು ಸಿದ್ಧಾಂತವೆಂದು ಹೇಳಿ ಮತ್ತೊಂದನ್ನು ಮುಚ್ಚಿಡಬಾರದು. ಕೆರೆಯ ಉಪಮೆ ಯಾವ ಮತಕ್ಕೂ ಅಡಿಯಾಳಲ್ಲ. ಪೊರೆಯೂ ತೂಬೂ ಇಂದಿನ ಜೀವಿಗಳಲ್ಲಿ ಪ್ರತ್ಯಕ್ಷವಾಗಿರುವುವು.

ದೋಷಗಳನ್ನೇ ಎಣಿಸಿ ಗುಣಗಳನ್ನು ಬಿಟ್ಟರೆ ಅದು ವಿಮರ್ಶೆಯಾಗದು. ‘ಚಯಾಪಚಯ’ವು ಬಹಳ ಒಳ್ಳೆಯ ಮಾತು. ಕೂಡಿಸುವುದೂ ಕಳೆಯುವುದೂ ಎರಡೂ ಅದರಲ್ಲಿರುವುವು. ೧೮೩೯ರಲ್ಲಿ ಶ್ವಾನ್ ಎಂಬವನು ಬಳಕೆಗೆ ತಂದ ಯುರೋಪಿನ ಮಾತಿನಲ್ಲಿ ಬದಲಾವಣೆಯೆಂಬುದಷ್ಟೇ ಇರುವುದು. ಒಂದೇ ಕೊರತೆಯೆಂದರೆ ಅದು ದ್ರವ್ಯದ ಲೆಕ್ಕವನ್ನು ಹೇಳುವುದು, ಶಕ್ತಿಯ ಹರಿವನ್ನು ಹೇಳದು. ‘ಕಿಣ್ವ’ವು ಅದಕ್ಕಿಂತಲೂ ಸೊಗಸಾದುದು. ಹಳೆಯ ಸಂಸ್ಕೃತದಲ್ಲಿ ಅದು ಮದ್ಯವನ್ನು ಹುದುಗಿಸುವ ಮೂಲದ್ರವ್ಯದ ಹೆಸರು. ೧೮೭೦ರ ದಶಕದಲ್ಲಿ ಜರ್ಮನಿಯ ಕೂನೆಯು ತನ್ನ ಹೊಸ ಮಾತನ್ನು ಕಟ್ಟಿದಾಗಲೂ ಗ್ರೀಕಿನ ಹುದುಗಿನ ಮಾತನ್ನೇ ಆರಿಸಿಕೊಂಡನು. ಎರಡು ಭಾಷೆಗಳು ಒಂದೇ ಮಡಕೆಯ ಬಳಿ ಬಂದು ನಿಂತಿರುವುವು. ‘ಉಸಿರಾಟ’ವು ಮಾತ್ರ ತೊಡಕಿನದು. ಮೂಗಿನಿಂದ ಗಾಳಿಯನ್ನೆಳೆಯುವುದಕ್ಕೂ, ಕೋಶವು ಎಲೆಕ್ಟ್ರಾನುಗಳನ್ನು ಇಳಿಸುವುದಕ್ಕೂ ಒಂದೇ ಹೆಸರಾದರೆ, ಕಬ್ಬಿಣದ ತುಕ್ಕನ್ನು ‘ಉಸಿರಾಡುವ’ ಬ್ಯಾಕ್ಟೀರಿಯವು ಓದುಗನಿಗೆ ಒಗಟಾಗುವುದು.

‘ಹುದುಗು’ ಎಂಬ ಅಚ್ಚಕನ್ನಡದ ಮಾತಿಗೆ ಶಾಸ್ತ್ರಗ್ರಂಥಗಳಲ್ಲಿ ಇನ್ನೂ ಹೆಚ್ಚಿನ ಮರ್ಯಾದೆ ಸಲ್ಲಬೇಕು. ರಾತ್ರಿ ರುಬ್ಬಿಟ್ಟ ಅಕ್ಕಿ ಉದ್ದಿನ ಹಿಟ್ಟು ಬೆಳಗಿನೊಳಗೆ ಉಬ್ಬಿ ಹುಳಿಯಾಗುವಾಗ ಪಾತ್ರೆಯೊಳಗೆ ನಡೆಯುವುದು ಆಕ್ಸಿಜನ್ನಿನ ಹಂಗಿಲ್ಲದ ಅತಿ ಪುರಾತನ ಜೀವನಕ್ರಮ. ಅದರ ಲಾಭ ಕಡಮೆ. ಒಂದು ಗ್ಲೂಕೋಸಿಗೆ ಎರಡು ನಾಣ್ಯ ದೊರೆತರೆ ಹೆಚ್ಚು, ಆಕ್ಸಿಜನ್ ಬಳಸುವ ಕೋಶವು ಸುಮಾರು ಮೂವತ್ತನ್ನು ಪಡೆಯುವುದು. ಹಾಗೆಂದು ಹಳೆಯದನ್ನು ಯಾರೂ ಬಿಟ್ಟಿಲ್ಲ. ಮೂವತ್ತನ್ನು ಪಡೆಯುವ ಕೋಶವೂ ಮೊದಲ ಎರಡನ್ನು ಹುದುಗಿನ ದಾರಿಯಲ್ಲಿಯೇ ಪಡೆಯುವುದು. ಓಡಿ ದಣಿದವನ ಮಾಂಸಖಂಡವು ಮೊಸರಿನ ಬ್ಯಾಕ್ಟೀರಿಯದಂತೆಯೇ ಲ್ಯಾಕ್ಟಿಕ್ ಆಮ್ಲದ ದಾರಿಯನ್ನು ಹಿಡಿಯುವುದು. ಕೆಳಗಿನ ಮೆಟ್ಟಿಲೆಂದು ಹಿಂದೆ ಬಿಟ್ಟುಬಂದದ್ದು ಮೈಯೊಳಗೇ ಇರುವುದು.

ಕನ್ನಡದ ಸೃಜನಸಾಹಿತ್ಯವು ಈ ವಿಷಯದ ಬಳಿಗೆ ಎಷ್ಟು ದೂರ ಬಂದಿದೆಯೆಂದು ಕೇಳಿದರೆ, ಮೊದಲು ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. ೧೯೮೦ರ ಆ ಕಾದಂಬರಿ ಜೀವಚರಿತ್ರೆಯ ಅಗಾಧತೆಯನ್ನು ಮಲೆನಾಡಿನ ಹಳ್ಳಿಯ ಜಗಳ ತಂಟೆಗಳ ನಡುವೆ ತಂದಿಟ್ಟ ಬಗೆಯನ್ನು ಮೀರಿಸಿದ ಕೃತಿ ಇನ್ನೂ ಬಂದಿಲ್ಲ. ಜೇನು ಹಿಡಿಯುವ ಮಂದಣ್ಣನ ಕಣ್ಣಿಗೆ ಬಿದ್ದುದು ವಿದ್ವಾಂಸನಿಗೆ ಅನರ್ಘ್ಯವಾಗುವುದೆಂಬ ಕಲ್ಪನೆಯೂ, ಹುಡುಕಿದ ಹಾರುವ ಓತಿಯು ಕೊನೆಗೆ ಕಣಿವೆಗೆ ತೇಲಿ ಕೈತಪ್ಪುವುದೂ ಓದಿದವರಿಗೆ ಮರೆಯವು. ಆದರೂ ಅಲ್ಲಿಯ ವಿಸ್ಮಯವು ಕಾಣುವ, ಬೆನ್ನಟ್ಟಬಹುದಾದ ಪ್ರಾಣಿಯನ್ನು ಹಿಡಿದು ಬೆಳೆದುದು, ಯುದ್ಧಕಾಂಡದ ಒಳಗಿನದು. ಉಳಿದ ಐದು ಕಾಂಡಗಳಲ್ಲಿ ಬೆನ್ನಟ್ಟಲು ಏನೂ ಇಲ್ಲ. ಅಲ್ಲಿ ಆಕಾರಗಳು ಬಹುಕಾಲ ಬದಲಾಗವು. ಬದಲಾಗುವುದು ಒಳಗಿನ ವೃತ್ತಿ. ಅದಕ್ಕೆ ತಕ್ಕ ಕಥನರೀತಿಯನ್ನು ಕನ್ನಡವು ಇನ್ನೂ ಕಂಡುಕೊಳ್ಳಬೇಕಾಗಿದೆ.

ಹಳೆಯ ಸಾಹಿತ್ಯದಲ್ಲಿ ಅದರ ಬೀಜವಿದೆಯೆಂದು ಕೆಲವರು ಹೇಳಬಹುದು. ಜೈನಶಾಸ್ತ್ರದ ನಿಗೋದಜೀವಿಗಳು ಕಣ್ಣಿಗೆ ಕಾಣದೆ, ಒಂದೇ ಮೈಯಲ್ಲಿ ಅನಂತವಾಗಿ ಕೂಡಿದ್ದು, ಆಹಾರವನ್ನೂ ಉಸಿರನ್ನೂ ಒಟ್ಟಿಗೆ ಹಂಚಿಕೊಳ್ಳುವುವು. ಓದಿದೊಡನೆ ಸೂಕ್ಷ್ಮಜೀವಿಗಳ ಲೋಳೆಯ ಹಾಸು ಕಣ್ಣ ಮುಂದೆ ಬರುವುದು ಸಹಜ. ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಅಲ್ಲಿಂದ ಹಾರುವುದು ಮಾತ್ರ ಸಲ್ಲದು. ಅವರು ಕೇಳಿದುದು ಜೀವದ ಬಂಧ ಮೋಕ್ಷಗಳ ಪ್ರಶ್ನೆಯನ್ನು, ಎಲೆಕ್ಟ್ರಾನುಗಳ ಪ್ರಶ್ನೆಯನ್ನಲ್ಲ. ಗೌರಿಬಿದನೂರಿನ ಹತ್ತಿರದ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿ, ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಸ್ಥಾಪಿಸಿದ ಹೆಚ್. ನರಸಿಂಹಯ್ಯನವರ ಸೀಮೆಯಲ್ಲಿ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಕವಿಗೆ ಬೇಕಾದರೆ ನಿಗೋದವು ಒಳ್ಳೆಯ ಪ್ರತಿಮೆ. ಪಾಠ ಬರೆಯುವವರಿಗೆ ಅದು ಜಾರುವ ಕಲ್ಲು.

ಬಿತ್ತನೆ ಕೋಠಿಯಲ್ಲಿ ದಿನವೂ ತಾಯಿಚಿಟ್ಟೆಗಳನ್ನು ಅರೆದು ಗಾಜಿನ ಮೇಲೆ ಹನಿಯಿಟ್ಟು ನೋಡುವ ಕೆಲಸಗಾರರಿರುವರು. ತನ್ನ ಒಲೆಯನ್ನು ತಾನೇ ಕಳೆದುಕೊಂಡ ಜೀವಿಯೊಂದರ ಹೊಳೆಯುವ ಕಣವನ್ನು ಅವರು ಎಷ್ಟೋ ಸಲ ಕಂಡಿರುವರು. ಕಂಡೊಡನೆ ಆ ಮೊಟ್ಟೆಗಳನ್ನು ಸುಡಲು ಎತ್ತಿಟ್ಟಿರುವರು. ಕರ್ವಾಲೋವಿಗೆ ಮಂದಣ್ಣನು ಸಿಕ್ಕಂತೆ, ಅವರ ಪಕ್ಕದಲ್ಲಿ ಕುಳಿತು ಆ ಗಾಜಿನೊಳಕ್ಕೆ ನೋಡುವ ಕಾದಂಬರಿಕಾರನೊಬ್ಬನು ಈ ಸೀಮೆಗೆ ಇನ್ನೂ ಸಿಕ್ಕಬೇಕಾಗಿದೆ.